ಮಳೆಗಾಲದಲ್ಲಿ ಮಗಳಿಗೆ ಹಾಕಿ ಕಿಟ್: ಯಾವುದು ಈಗ, ಯಾವುದು ಆಮೇಲೆ?

ಕಾಫಿತೋಟ_ಅಪ್ಪ

ಮಗಳಿಗೆ 11 ವರ್ಷ, ಎತ್ತರ 140 ಸೆಂ.ಮೀ. ಶಾಲೆ ಟೀಮಲ್ಲಿ ರೈಟ್ ಹಾಫ್ (ಬಲಬದಿಯ ಮಧ್ಯದ ಆಟಗಾರ್ತಿ). ವಾರದ ದಿನ ಮಣ್ಣಿನ ಗ್ರೌಂಡು, ಭಾನುವಾರ ಪೊನ್ನಂಪೇಟೆ ಟರ್ಫು (ಕೃತಕ ಹುಲ್ಲಿನ ಮೈದಾನ). ನಮ್ಮ ಕೊಡಗಿನ ಕೌಟುಂಬಿಕ ಹಾಕಿ ಟೂರ್ನಿ ಮುಗೀತು, ಇನ್ನು ಮಳೆ. ಪ್ರಾಕ್ಟೀಸ್ ಏನಿದ್ರೂ ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ. ಅಂಗಡಿಯಲ್ಲಿ ಹಳೇ ಮಾಡೆಲ್‌ಗಳಿಗೆ ರಿಯಾಯಿತಿ ಹಾಕಿದ್ದಾರೆ. "36.5 ಇಂಚಿನ ಸ್ಟಿಕ್ಕೇ ತಗೊಳ್ಳಿ, 90% ಕಾರ್ಬನ್, ಬೆಳೆದ ಮೇಲೂ ಆಗುತ್ತೆ" ಅಂತಾರೆ. ಶೂ, ಶಿನ್ ಗಾರ್ಡ್ ಎರಡೂ ಚಿಕ್ಕದಾಗಿವೆ. ಒಟ್ಟು ಬಜೆಟ್ 6,000. ಎಲ್ಲಾ ಈಗಲೇ ತಗೊಂಡುಬಿಡಲೇ?

ಎಡಗೈ_ಮೇಲೆ

36.5 ಬೇಡವೇ ಬೇಡ ಸರ್. ಅದು ಹತ್ತಿರಹತ್ತಿರ 93 ಸೆಂ.ಮೀ. ಆಯ್ತು. ಆಡುವ ಶೂ ಹಾಕಿಸಿ, ಸ್ಟಿಕ್ಕಿನ ಹೆಡ್ಡು ನೆಲಕ್ಕೆ ತಾಗುವ ಹಾಗೆ ಕಾಲಿನ ಪಕ್ಕ ನೆಟ್ಟಗೆ ನಿಲ್ಲಿಸಿ. ಸೊಂಟದ ಪಕ್ಕ ಕೈಗೆ ಸಿಗುವ ಮೂಳೆ ಇದೆಯಲ್ಲ, ಹಿಡಿಯ ತುದಿ ಅಲ್ಲಿಗೆ ಬರಬೇಕು. 140 ಸೆಂ.ಮೀ. ಎತ್ತರಕ್ಕೆ ಸಾಮಾನ್ಯವಾಗಿ 33 ಅಥವಾ 34 ಇಂಚು. ಚಾರ್ಟ್ ಒಂದು ಹೇಳಿ ಮೂಳೆ ಇನ್ನೊಂದು ಹೇಳಿದ್ರೆ ಮೂಳೆ ಮಾತು ಕೇಳಿ.

ಉದ್ದ ಜಾಸ್ತಿಯಾದ್ರೆ ಬಗ್ಗಿದಾಗ ಹಿಡಿ ಹೊಟ್ಟೆಗೆ ಚುಚ್ಚುತ್ತೆ. ಮಗು ಎಡಗೈಯನ್ನ ಕೆಳಗೆ ಜಾರಿಸುತ್ತೆ, ಇಲ್ಲಾಂದ್ರೆ ನೆಟ್ಟಗೆ ನಿಂತೇ ಆಡುತ್ತೆ. ಚೆಂಡು ದೂರ ಇಟ್ಟು ಆಡುವಾಗ ಸ್ಟಿಕ್ ಮಲಗಿದ ಹಾಗಾಗಿ ಟೋ (ಹೆಡ್ಡಿನ ಬಾಗಿದ ತುದಿ) ಮೇಲೇಳುತ್ತೆ, ಚೆಂಡು ಅದರಡಿ ನುಸುಳಿ ಹೋಗುತ್ತೆ. ಹಾಫ್ ಆಡೋರಿಗೆ ಟ್ಯಾಕಲ್ಲಲ್ಲಿ ಕೈ ಕೊಡೋದು ಇಲ್ಲೇ.

90% ಕಾರ್ಬನ್ ಕೂಡ ಈ ವಯಸ್ಸಿಗಲ್ಲ. ಕಾರ್ಬನ್ ಹೆಚ್ಚಿದಷ್ಟೂ ಸ್ಟಿಕ್ ಗಡುಸು. ಹೊಡೆತಕ್ಕೆ ಬಲ ಸಿಗುತ್ತೆ, ಆದರೆ ಬಂದ ಚೆಂಡೂ ತಗುಲಿದ ತಕ್ಷಣ ಪುಟಿಯುತ್ತೆ. ಚೆಂಡಿನ ತೂಕ 156ರಿಂದ 163 ಗ್ರಾಂ. ಮಣ್ಣಲ್ಲಿ ಅದು ಕುಣಿಯುತ್ತಾ ಬರುವಾಗ ಟ್ರ್ಯಾಪ್ ಆಗೋದು (ಸ್ಟಿಕ್ಕಿಗೆ ತಾಗಿ ನಿಲ್ಲೋದು) ಸ್ವಲ್ಪ ಮೆತ್ತಗಿರುವ ಸ್ಟಿಕ್ಕಿನಲ್ಲೇ. ಫೈಬರ್ ಗ್ಲಾಸ್ ಹೆಚ್ಚು, ಕಾರ್ಬನ್ 10-20% ಇದ್ರೆ ಧಾರಾಳ. ಲೋ ಬೋ (ಬಾಗು ಹೆಡ್ಡಿನ ಹತ್ತಿರ ಇರುವ ಸ್ಟಿಕ್) ಕೂಡ ಬೇಡ. ಅದು ಚೆಂಡನ್ನ ಎಳೆದು ಎತ್ತಿ ಎಸೆಯುವ ಡ್ರ್ಯಾಗ್ ಫ್ಲಿಕ್ ಮಾಡೋರಿಗೆ ಸರಿ, ಕಲಿಯುವ ಕೈಯಲ್ಲಿ ಹಿಟ್ಟು ಗಾಳಿಗೆ ಏಳೋದು ಜಾಸ್ತಿ. ಮಾಮೂಲಿ ಬೋ, ಮಿಡಿ (ಮಧ್ಯಮ ಉದ್ದದ) ಹೆಡ್ ಸಾಕು.

ತೂಕ ನೋಡೋಕೆ ಎಡಗೈ ಒಂದರಲ್ಲೇ ಹಿಡಿಯ ತುದಿ ಹಿಡಿದು, ಭುಜದ ಮಟ್ಟಕ್ಕೆ ಮುಂದೆ ಚಾಚಲಿ. ಹತ್ತು ಎಣಿಸುವಷ್ಟರಲ್ಲಿ ಹೆಡ್ ಕೆಳಗೆ ವಾಲಿದ್ರೆ ಅದು ಭಾರ, ವಾಪಸ್ ಇಡಿ.

ಸ್ಟಿಕ್ ಈಗ ತಗೋಬೇಡಿ, ಆಗಸ್ಟ್ ಕೊನೆಗೆ ತಗೊಳ್ಳಿ. ಈ ವಯಸ್ಸಲ್ಲಿ ಮೂರು ತಿಂಗಳಿಗೆ ಎರಡು ಸೆಂಟಿಮೀಟರ್ ಬೆಳೆಯೋದು ದೊಡ್ಡ ಮಾತಲ್ಲ. ಈಗ 33, 34ರ ಮಧ್ಯೆ ಇರೋಳು ಆಗ ಬಹುಶಃ 34.

ಬ್ಯಾಕ್‌ಸ್ಟಿಕ್

ಮೇಲಿನವರು ಹೇಳಿದ್ದು ಶೂಗೂ ಅನ್ವಯ. ಪಾದ ಮೊದಲು ಬೆಳೆಯುತ್ತೆ, ಎತ್ತರ ಆಮೇಲೆ. ಹಾಗಾಗಿ ಶೂ ಕೂಡ ಆಗಸ್ಟ್ ಕೊನೆಗೆ. ಈಗ ರಿಯಾಯಿತಿಯಲ್ಲಿ ತಗೊಳ್ಳುವಂಥದ್ದು ಶಿನ್ ಗಾರ್ಡ್, ಚೆಂಡು, ಗ್ರಿಪ್, ಅಷ್ಟೇ.

ಶಿನ್ ಗಾರ್ಡಿಗೆ ಫುಟ್‌ಬಾಲಿನ ತೆಳು ಪಟ್ಟಿ ನಡೆಯಲ್ಲ. ಪಾದ ಮಡಚುವ ಜಾಗದಿಂದ ಮಂಡಿಗೆ ಎರಡು ಬೆರಳು ಕೆಳಗಿನವರೆಗೆ ಮುಚ್ಚಬೇಕು, ಕಾಲಿನ ಗಿಣ್ಣಿನ ಎರಡೂ ಬದಿ ಫೋಮ್ ಇರಬೇಕು. ಸಾಕ್ಸ್ ಮೇಲೆಳೆದು ಓಡಿಸಿ ನೋಡಿ. ಗಾರ್ಡ್ ಪಕ್ಕಕ್ಕೆ ತಿರುಗಿದ್ರೆ ಅದು ಅಗಲ ಜಾಸ್ತಿ.

ಶೂ ಒಂದೇ ಜೊತೆ ಅಂದ್ರೆ ಸಣ್ಣ ಸಣ್ಣ ರಬ್ಬರ್ ಸ್ಟಡ್ ತುಂಬಾ ಇರುವ ಟರ್ಫ್ ಶೂ. ಕೆಸರಲ್ಲಿ ಒಂಚೂರು ಜಾರುತ್ತೆ, ಸಹಿಸ್ಕೊಳ್ಳಿ. ಉದ್ದ ಸ್ಟಡ್ಡಿನ ಫುಟ್‌ಬಾಲ್ ಶೂ ಟರ್ಫಲ್ಲಿ ಹಿಡಿದು ನಿಂತುಬಿಡುತ್ತೆ. ಮೈ ತಿರುಗುತ್ತೆ, ಪಾದ ತಿರುಗಲ್ಲ, ಏಟು ಮಂಡಿಗೆ.

ಮೌತ್ ಗಾರ್ಡ್ ಕೂಡ ಆಗಸ್ಟಿಗೆ ಇಡಿ. 11ರಲ್ಲಿ ಇನ್ನೂ ಹಾಲುಹಲ್ಲು ಬೀಳ್ತಿರುತ್ತೆ, ಈಗ ಬಿಸಿನೀರಲ್ಲಿ ಅದ್ದಿ ಕಚ್ಚಿಸಿ ಕೂರಿಸಿದ್ದು ಆಗ ಸಡಿಲ. ಹಲ್ಲಿಗೆ ಕ್ಲಿಪ್ ಹಾಕಿದ್ರೆ ಅಂಗಡಿಯದು ಬೇಡ, ದಂತವೈದ್ಯರ ಹತ್ತಿರ ಮಾಡಿಸಿ.

ದುಡ್ಡಿನ ಲೆಕ್ಕ ನಾನಾದ್ರೆ ಹೀಗೆ ಹಂಚ್ತೀನಿ: ಸ್ಟಿಕ್ 2,500, ಶೂ 2,000, ಶಿನ್ ಗಾರ್ಡ್ 700, ಮೌತ್ ಗಾರ್ಡ್ 300, ಉಳಿದ 500ರಲ್ಲಿ ಚೆಂಡು, ಗ್ರಿಪ್.

ಅಟ್ಟದ_ಮೇಲೆ

ಸೆಕೆಂಡ್ ಹ್ಯಾಂಡ್ ಕೂಡ ನೋಡಿ. ಪಿಯುಸಿಗೆ ಹೋಗುವ ಹುಡುಗಿಯರ 34 ಇಂಚಿನ ಸ್ಟಿಕ್ಕುಗಳು ಈ ತಿಂಗಳಲ್ಲೇ ಕೈ ಬದಲಾಗೋದು. ಹೆಡ್ಡಿಗೆ ಟೇಪ್ ಸುತ್ತಿದ್ರೆ ಬಿಚ್ಚದೆ ದುಡ್ಡು ಕೊಡಬೇಡಿ. ಹೆಡ್ಡು ಬಾಗಿ ಹಿಡಿಗೆ ಸೇರುವ ಜಾಗದಲ್ಲಿ ಉಗುರು ಎಳೆಯಿರಿ. ಬಣ್ಣದ ಗೀರಾದ್ರೆ ಉಗುರು ಜಾರಿಕೊಂಡು ಹೋಗುತ್ತೆ, ಬಿರುಕಾದ್ರೆ ಸಿಕ್ಕಿಕೊಳ್ಳುತ್ತೆ. ಆಮೇಲೆ ಒಂದು ರೂಪಾಯಿ ನಾಣ್ಯದಿಂದ ಮೇಲಿಂದ ಕೆಳಗಿನವರೆಗೆ ತಟ್ಟುತ್ತಾ ಬನ್ನಿ. ಟಣ್ ಟಣ್ ಅನ್ನುತ್ತಾ ಬಂದದ್ದು ಒಂದೇ ಕಡೆ ದಪ್ ಅಂದ್ರೆ ಒಳಗೆ ಪದರ ಬಿಟ್ಟಿದೆ. ಹೆಡ್ಡಿನ ತಳ ಸವೆದು ನಾರು ಕಾಣ್ತಿದ್ರೂ ಬೇಡ. ಅಲ್ಲಿಂದಲೇ ನೀರು ಇಳಿಯೋದು, ಮೊನಚಾದ ಸಿಬಿರು ಇದ್ರೆ ಮ್ಯಾಚಲ್ಲಿ ಅಂಪೈರ್ ಬಿಡೋದೂ ಇಲ್ಲ.

ಇನ್ನೊಂದು. ನಮ್ಮ ಕಡೆ ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಜಡಿಮಳೆ ತಿಂಗಳು) ಏನೇ ಒದ್ದೆಯಾದ್ರೂ ಒಲೆ ಮೇಲೆ ತೂಗುಹಾಕೋದು ರೂಢಿ. ಬಟ್ಟೆಗೆ ಸರಿ, ಕಿಟ್ಟಿಗಲ್ಲ. ಶಾಖಕ್ಕೆ ಫೋಮ್ ಬಿರುಸಾಗಿ ಆಕಾರ ಕೆಡುತ್ತೆ, ಶೂವಿನ ಅಂಟು ಬಿಡುತ್ತೆ. ಶೂ ಒಳಗೆ ಪೇಪರ್ ತುರುಕಿ, ತೇವ ಹೀರಿದ ಹಾಗೆ ಬದಲಾಯಿಸ್ತಾ ಫ್ಯಾನ್ ಕೆಳಗಿಡಿ. ಕಿಟ್ ಬ್ಯಾಗಿನ ಜಿಪ್ ಮಾತ್ರ ಮುಚ್ಚಲೇಬೇಡಿ, ವಾರದಲ್ಲಿ ಬೂಷ್ಟು.

ಕಾಫಿತೋಟ_ಅಪ್ಪ

ಶಿನ್ ಗಾರ್ಡ್, ಚೆಂಡು ನಾಳೆ ತರ್ತೀನಿ. ಒಂದು ಪ್ರಶ್ನೆ ಉಳೀತು. ಪಕ್ಕದ ಮನೆಯವರು ಒಂದು 36.5 ಪುಕ್ಕಟೆ ಕೊಡ್ತೀವಿ ಅಂತಿದ್ದಾರೆ. ಮೇಲಿಂದ ಎರಡೂವರೆ ಇಂಚು ಕತ್ತರಿಸಿದ್ರೆ 34 ಆಗಲ್ವಾ?

ಎಡಗೈ_ಮೇಲೆ

ಅಳತೆ ಆಗುತ್ತೆ, ಸ್ಟಿಕ್ ಆಗಲ್ಲ. ಕಾಂಪೊಸಿಟ್ ಸ್ಟಿಕ್ಕಿನ ಹಿಡಿ ಒಳಗೆ ಟೊಳ್ಳು. ಗರಗಸ ಹಾಕಿದ್ರೆ ಅಂಚಲ್ಲಿ ನಾರು ಸೀಳುತ್ತೆ, ತುದಿಯ ಬಿರಡೆ ಹೋಗಿ ನೀರಿಗೆ ದಾರಿಯಾಗುತ್ತೆ. ಅದಕ್ಕಿಂತ ಹೆಚ್ಚಾಗಿ, ಮೇಲಿನ ತೂಕ ಹೋದ ಮೇಲೆ ಭಾರವೆಲ್ಲ ಹೆಡ್ಡಿನ ಕಡೆ, ರಿವರ್ಸ್ ಆಡೋಕೆ ಸ್ಟಿಕ್ ತಿರುಗಿಸುವಾಗ ಎಡ ಮಣಿಕಟ್ಟು ಸೋಲುತ್ತೆ. ಕೊಡ್ತಾರಾದ್ರೆ ತಗೊಂಡು ಕತ್ತರಿಸದೆ ಇಡಿ. ಎತ್ತರ ಬೆಳೆದು ಹಿಡಿಯ ತುದಿ ಸೊಂಟದ ಮೂಳೆಗೆ ಬಂದಾಗ ಅಳತೆ ಕೂರುತ್ತೆ. ಆಗಲೂ ಮೊದಲು ನಾಣ್ಯ ತಟ್ಟಿ ನೋಡಿ.