ಗಾರ್ಡ್ ಡಬ್ಬಿಯ ಆ ಕೆಂಪಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಬಣ್ಣದ ಹೆಸರು ಬೇಕಾಗಿದೆ. ಪೀಠಿಕೆ ಸ್ವಲ್ಪ ಉದ್ದ ಆಯ್ತು, ಸಹಿಸಿಕೊಳ್ಳಿ.

ನಾನು ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಿಡುವಿದ್ದಾಗ ರೈಲಿನ ಮಾಡೆಲ್ ಮಾಡುತ್ತೇನೆ. ಎಚ್‌ಒ ಸ್ಕೇಲು, ಅಂದರೆ ನಿಜವಾದ ಗಾಡಿಯ 87ರಲ್ಲಿ ಒಂದು ಪಾಲು. ಇಲ್ಲಿನ ಸದರ್ನ್ ಪೆಸಿಫಿಕ್ ರೈಲು ಕಂಪನಿಯ 1950ರ ದಶಕದ ಗೂಡ್ಸ್ ಗಾಡಿಗಳೇ ನನ್ನ ಹುಚ್ಚು. ಮುಂದಿನ ತಿಂಗಳು ನಾಲ್ಕು ಕನ್ನಡದ ಮನೆಯವರು ಮಕ್ಕಳನ್ನು ಕರೆದುಕೊಂಡು ನೋಡಲು ಬರುತ್ತಿದ್ದಾರೆ. ಒಂದೊಂದು ಡಬ್ಬಿಯ ಪಕ್ಕ ಕನ್ನಡದಲ್ಲಿ ಎರಡೆರಡು ಸಾಲು ಬರೆದಿಡೋಣ ಅಂತ ಕೂತೆ. ಇಂಜಿನ್ನು, ವ್ಯಾಗನ್ನು ಎಲ್ಲ ಸಲೀಸಾಗಿ ಮುಗಿದವು. ಕೊನೆಯ ಡಬ್ಬಿಯಲ್ಲಿ ಸಿಕ್ಕಿಹಾಕಿಕೊಂಡೆ.

ಆ ಕೊನೆಯ ಡಬ್ಬಿಗೆ ಇಲ್ಲಿ ಕಬೂಸ್ ಅನ್ನುತ್ತಾರೆ. ಅದೂ ಎಲ್ಲರೂ ಅಲ್ಲ. ಪೆನ್ಸಿಲ್ವೇನಿಯಾ ರೈಲ್‌ರೋಡಿನವರಿಗೆ ಅದು ಕ್ಯಾಬಿನ್ ಕಾರ್, ಸಾಂತಾ ಫೆಯವರಿಗೆ ವೇ ಕಾರ್, ಕೆನಡಾದಲ್ಲಿ ಹಲವರಿಗೆ ಬರೀ ವ್ಯಾನ್. ಅಪ್ಪ ಈಗ ನಮ್ಮ ಜೊತೆಯಲ್ಲೇ ಇದ್ದಾರೆ, ಅರಸೀಕೆರೆ ಕಡೆ ಮೀಟರ್ ಗೇಜ್ ಕಾಲದಿಂದ ಗಾರ್ಡ್ ಆಗಿದ್ದವರು. ನೋಡಿದ ತಕ್ಷಣ "ಇದು ನಮ್ಮ ಗಾರ್ಡ್ ಡಬ್ಬಿ ಅಲ್ವೇನೋ" ಅಂದರು. ಒಳಗಿನ ಒಲೆ, ಮಲಗುವ ಮಂಚ, ಮೇಜು ತೋರಿಸಿದೆ. "ನಮಗೆ ಎಲ್ಲಿಯ ಒಲೆ, ಒಂದು ಲೈನ್ ಬಾಕ್ಸು, ಅದರ ಮೇಲೇ ಊಟ" ಅಂತ ನಕ್ಕರು. ಲೈನ್ ಬಾಕ್ಸ್ ಅಂದರೆ ಗಾರ್ಡ್ ಡ್ಯೂಟಿಗೆ ಒಯ್ಯುತ್ತಿದ್ದ ಸಾಮಾನಿನ ಪೆಟ್ಟಿಗೆ. ಕಬೂಸ್ ಅನ್ನುವ ಮಾತು ಹಡಗಿನ ಅಡುಗೆಗೂಡಿನಿಂದ ಬಂದದ್ದು, ಡಚ್ ನಾವಿಕರ ಕೊಡುಗೆ, ಹಾಗಾಗಿ ಒಲೆ ಅಲ್ಲಿ ಇರಲೇಬೇಕು ಬಿಡಿ. ಆದರೂ ಗಾರ್ಡ್ ಡಬ್ಬಿ ಅಂತಲೇ ಬರೆದೆ. ನಮ್ಮ ರೈಲ್ವೆ 2022ರಲ್ಲಿ ಗಾರ್ಡ್‌ಗಳನ್ನೆಲ್ಲ ಟ್ರೇನ್ ಮ್ಯಾನೇಜರ್ ಮಾಡಿತು, ಅದಕ್ಕೆ ಡಬ್ಬಿಯ ಹೆಸರು ಬದಲಾಯಿಸಬೇಕೇ ಅಂತ ಯಾರೂ ಕೇಳಬೇಡಿ. ಮಾಡಿನ ಮೇಲೆ ಕೂತು ನೋಡುವ ಜಾಗಕ್ಕೆ ಅಪ್ಪನೇ "ಗೂಡು" ಅಂದರು, ಅದೂ ಸರಿಹೋಯಿತು.

ಉಳಿದದ್ದು ಬಣ್ಣ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಮಕ್ಕಳ ಚಿತ್ರದಲ್ಲೆಲ್ಲ ಕಬೂಸ್ ಅಂದರೆ ಕಡುಕೆಂಪು. ಅಂಗಡಿಯಲ್ಲೂ "ಕಬೂಸ್ ರೆಡ್" ಅಂತಲೇ ಹೆಸರಿರುವ ಸಣ್ಣ ಬಾಟಲಿ ಸಿಗುತ್ತದೆ. ನಾನು ಹಿಂದೆಮುಂದೆ ನೋಡದೆ ತಂದು ಹೊಡೆದೆ. ಅಪ್ಪ ಕನ್ನಡಕ ಏರಿಸಿಕೊಂಡು "ಏನೋ ಇದು, ಫೈರ್ ಇಂಜಿನ್ ಥರ ಇದೆಯಲ್ಲೋ" ಅಂದರು. ಸರಿಯಾಗೇ ಅಂದಿದ್ದರು. ಸದರ್ನ್ ಪೆಸಿಫಿಕ್ ತನ್ನ ಕಬೂಸಿಗೆ ಹೊಡೆಯುತ್ತಿದ್ದದ್ದು ಮಾಮೂಲಿ ಗೂಡ್ಸ್ ವ್ಯಾಗನ್ನಿನ ಕಂದುಗೆಂಪನ್ನೇ. 1950ರ ದಶಕದ ಮಧ್ಯದಲ್ಲಿ ಹಿಂದಿನಿಂದ ಬರುವವರಿಗೆ ದೂರದಿಂದಲೇ ಕಾಣಲಿ ಅಂತ ಎರಡು ತುದಿಗೆ ಮಾತ್ರ ಕಿತ್ತಳೆ ಬಣ್ಣ ಬಂತು, ಪಕ್ಕೆಗಳು ಹಾಗೇ ಉಳಿದವು. ಬೇರೆ ಕಂಪನಿಗಳ ಕಥೆ ಬೇರೆ. ಯೂನಿಯನ್ ಪೆಸಿಫಿಕ್ ಎರಡನೇ ಮಹಾಯುದ್ಧ ಮುಗಿದ ಮೇಲೆ ಹಳದಿಗೆ ಹೋಯಿತು, ಗ್ರೇಟ್ ನಾರ್ದರ್ನ್ 1967ರಲ್ಲಿ ಆಕಾಶನೀಲಿ ಹಿಡಿಯಿತು, 1970ರಲ್ಲಿ ಅದು ಬರ್ಲಿಂಗ್ಟನ್ ನಾರ್ದರ್ನ್‌ನಲ್ಲಿ ಸೇರಿದ ಮೇಲೆ ಹಸಿರು. ಕಂಪನಿ ಮತ್ತು ವರ್ಷ ಎರಡೂ ಗೊತ್ತಿಲ್ಲದೆ ಬ್ರಷ್ ಮುಟ್ಟಬಾರದು ಅಂತ ಈಗ ಬುದ್ಧಿ ಬಂದಿದೆ.

ಫೋಟೋ ನೋಡಿದರೆ ಆಯ್ತಲ್ಲ ಅಂತೀರಾ? ಅಲ್ಲೇ ಮೋಸ. ಹಳೇ ಕಪ್ಪುಬಿಳುಪಿನ ಆರ್ಥೋಕ್ರೋಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ. ಕೆಂಪು ಹೊಡೆದದ್ದೆಲ್ಲ ಅದರಲ್ಲಿ ಕಪ್ಪಗೆ ಬೀಳುತ್ತದೆ, ಹಳದಿಯೂ ಮಂಕಾಗುತ್ತದೆ, ನೀಲಿ ಬೆಳ್ಳಗಾಗುತ್ತದೆ. ಕಡುಕೆಂಪೋ ಕಂದುಗೆಂಪೋ ಅಂತ ಆ ಚಿತ್ರ ನೋಡಿ ಹೇಳಲು ಬ್ರಹ್ಮನಿಗೂ ಆಗಲ್ಲ. ಕೊಡಾಕ್ರೋಮ್ ಅನ್ನುವ ಬಣ್ಣದ ಫಿಲ್ಮಿನ ಸ್ಲೈಡು ಇದ್ದರೆ ಪುಣ್ಯ, ಕತ್ತಲಲ್ಲಿ ಇಟ್ಟಿದ್ದರೆ ಅದರ ಬಣ್ಣ ಕೆಡುವುದು ಬಹಳ ಕಮ್ಮಿ, ಆದರೆ 35 ಎಂಎಂ ಕೊಡಾಕ್ರೋಮ್ ಬಂದದ್ದೇ 1936ರಲ್ಲಿ. ಅದಕ್ಕೂ ಹಿಂದಿನದಕ್ಕೆ ಕಂಪನಿಗಳ ಡ್ರಿಫ್ಟ್ ಕಾರ್ಡ್ ಹುಡುಕಬೇಕು. ಪೇಂಟು ಸರಬರಾಜು ಮಾಡುವವನಿಗೆ "ಇದೇ ಬಣ್ಣ ಇರಬೇಕು, ಇಷ್ಟರ ಮೇಲೆ ಹೆಚ್ಚುಕಮ್ಮಿ ಆಗಬಾರದು" ಅಂತ ಕೊಡುತ್ತಿದ್ದ ನಮೂನೆ ಚೀಟಿಗಳು ಅವು. ಬೆಳಕು ಕಾಣದೆ ಕಡತದಲ್ಲಿ ಉಳಿದಿದ್ದರೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಇನ್ನೊಂದು ದಾರಿಯನ್ನು ಕಣ್ಣಾರೆ ನೋಡಿದೆ. ಹಳೇ ಮರದ ಕಬೂಸೊಂದನ್ನು ರಿಪೇರಿ ಮಾಡುತ್ತಿದ್ದವರು ಕಿಟಕಿಯ ಕೆಳಗೆ ಅಂಗೈಯಗಲ ಜಾಗವನ್ನು ನೀರು ಹಾಕಿ ಉಜ್ಜುವ ಮರಳು ಕಾಗದದಿಂದ ಓರೆಯಾಗಿ, ಬಹಳ ಮೆಲ್ಲಗೆ ಉಜ್ಜಿದ್ದರು. ಈರುಳ್ಳಿ ಅಡ್ಡಕ್ಕೆ ಕೊಯ್ದ ಹಾಗೆ ಸುತ್ತುಸುತ್ತು ಬಳೆಗಳು. ಎಲ್ಲಕ್ಕಿಂತ ಹೊರಗಿನ ಬಳೆ, ಡಬ್ಬಿ ಪಾರ್ಕಿನಲ್ಲಿ ನಿಂತಿದ್ದಾಗ ಯಾರೋ ಬಳಿದ ಹೊಳೆಯುವ ಕೆಂಪು. ಅದರೊಳಗೆ ಬೂದು. ಆಮೇಲೆ ಒಂದರೊಳಗೊಂದು ಕಂದುಗೆಂಪಿನ ಮೂರು ಬಳೆ, ಮೂರೂ ಒಂದೇ ಅಲ್ಲ, ಒಂದು ಇಟ್ಟಿಗೆ ಕಡೆ ವಾಲಿದರೆ ಇನ್ನೊಂದು ಚಾಕೊಲೇಟ್ ಕಡೆ. ನಡುವೆ ಕಡಲೆಕಾಳಿನಷ್ಟು ಮರ. ಆ ಬಳೆಗಳು ಕಬ್ಬಿಣದ ಆಕ್ಸೈಡನ್ನು ಅಗಸೆ ಎಣ್ಣೆಯಲ್ಲಿ ಅರೆದು ಹೊಡೆದ ಬಣ್ಣ. ಅಗ್ಗ, ಬಿಸಿಲಿಗೆ ಜಗ್ಗಲ್ಲ. ಎಣ್ಣೆ ಒಣಗಿ ಮೇಲೆ ಪುಡಿ ಏಳುತ್ತದೆ, ಆಗ ನೋಡುವವರಿಗೆ ಬಣ್ಣ ತೆಳುವಾದಂತೆ ಕಾಣುತ್ತದೆ, ಒದ್ದೆ ಬೆರಳಲ್ಲಿ ಉಜ್ಜಿದರೆ ಹಳೇ ಕೆಂಪು ಮತ್ತೆ ಹೊರಗೆ ಬರುತ್ತದೆ.

ಈಗ ಪ್ರಶ್ನೆಗೆ ಬರುತ್ತೇನೆ. ಈ ಕೆಂಪಿಗೆ ಯಾವ ಮಾತು?

"ಕಾವಿ" ಅಂತ ಬರೆದಿದ್ದೆ. ಅರ್ಥದಲ್ಲಿ ಪಕ್ಕಾ ಸರಿ. ಕರಾವಳಿಯ ಕಾವಿ ಕಲೆ ನೋಡಿದವರಿಗೆ ಗೊತ್ತು, ಸುಣ್ಣದ ಗಾರೆಯ ಮೇಲೆ ಕೆಂಪು ಮಣ್ಣಿನ ಪದರ ಹಾಕಿ ಕೆರೆದು ಚಿತ್ರ ತೆಗೆಯುತ್ತಾರಲ್ಲ, ಆ ಕೆಂಪೇ ಇದು. ಆದರೆ ಇವತ್ತು ಕಾವಿ ಅಂದರೆ ಎಲ್ಲರ ಕಣ್ಣ ಮುಂದೆ ಬರುವುದು ಸ್ವಾಮಿಗಳ ಬಟ್ಟೆಯ ಕೇಸರಿ. ಈ ಡಬ್ಬಿಯ ತುದಿಗಳು ಬೇರೆ ಕಿತ್ತಳೆ! "ಕಾವಿ ಬಣ್ಣದ ಪಕ್ಕೆ, ಕಿತ್ತಳೆ ತುದಿ" ಅಂತ ಓದಿದ ಗೆಳೆಯ "ಎರಡೂ ಒಂದೇ ಅಲ್ವಾ" ಅಂತ ಕೇಳಿದ. ಚೀಟಿ ಹರಿದು ಹಾಕಿದೆ.

"ಕೆಮ್ಮಣ್ಣು" ಇನ್ನೊಂದು. ಕೆಮ್ಮಣ್ಣುಗುಂಡಿಯ ಅದಿರೇ ಅಲ್ವಾ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹೋಗುತ್ತಿದ್ದದ್ದು, ಹಾಗಾಗಿ ಕೆಂಪಿಗೆ ಕಾರಣ ಇಲ್ಲೂ ಅಲ್ಲೂ ಒಂದೇ. ತೊಂದರೆ ಏನಂದರೆ ನಾನು ಮಾಡೆಲ್ಲಿನ ಚಕ್ರದ ಹತ್ತಿರ ಧೂಳು, ಮಸಿ, ಮಾಸಲು ಎಲ್ಲ ಬರಿಸಿದ್ದೇನೆ. "ಕೆಮ್ಮಣ್ಣು ಬಣ್ಣದ ಡಬ್ಬಿ" ಅಂದರೆ ಡಬ್ಬಿಗೆ ಮಣ್ಣು ಮೆತ್ತಿದೆ ಅಂತಲೇ ಮಕ್ಕಳು ಓದುತ್ತಾರೆ.

"ಕಂದು" ಅಂದರೆ ಕೆಂಪು ಕಳೆದುಹೋಗುತ್ತದೆ. "ಇಟ್ಟಿಗೆ ಬಣ್ಣ" ಒಂದು ಬಳೆಗೆ ಸರಿ, ಮಿಕ್ಕ ಎರಡಕ್ಕೆ ಇಲ್ಲ. ಅಪ್ಪನನ್ನು ಕೇಳಿದರೆ "ಕಿಟಕಿ ಗ್ರಿಲ್ಲಿಗೆ ಮೊದಲ ಕೋಟು ಹೊಡೀತಾರಲ್ಲ, ರೆಡ್ ಆಕ್ಸೈಡ್, ಅದು" ಅಂದರು. ಒಪ್ಪಿದೆ, ನಮ್ಮ ಹಳೇ ಮನೆಗಳ ನೆಲವೂ ಅದೇ. ಎಲ್ಲರಿಗೂ ತಿಳಿಯುವ ಮಾತು ಇದೇ ಇರಬಹುದು. ಆದರೆ ಕೇಳಿದ ತಕ್ಷಣ ಅರ್ಧ ಕೆಲಸ ಆದ ಗ್ರಿಲ್ಲು ನೆನಪಾಗುತ್ತದೆ.

ನನ್ನ ಮನಸ್ಸು ಇರುವುದು "ಹುರಮಂಜು" ಮೇಲೆ. ಅಜ್ಜಿ ಸುಣ್ಣ ಬಳಿದ ಗೋಡೆಯ ಬುಡಕ್ಕೆ ಎಳೆಯುತ್ತಿದ್ದ ಕೆಂಪು ಪಟ್ಟೆ ಹುರಮಂಜಿನದು. ಹಿಂದಿಯಲ್ಲಿ, ಮರಾಠಿಯಲ್ಲಿ ಇದಕ್ಕೆ ಹತ್ತಿರದ ಮಾತು ಹಿರಮಿಜಿ, ಅದು ಹಾರ್ಮುಜ್ ದ್ವೀಪದ ಕೆಂಪು ಮಣ್ಣಿನ ಹೆಸರು. ನಮ್ಮ ಹುರಮಂಜೂ ಅದೇ ಹಡಗು ಹತ್ತಿ ಬಂದಿರಬೇಕು ಅಂತ ನನ್ನ ಅನಿಸಿಕೆ. ಹಾಗಾದರೆ ಕಬೂಸೂ ಹಡಗಿನ ಮಾತು, ಹುರಮಂಜೂ ಹಡಗಿನ ಸರಕು. ಸುಮ್ನೆ ಹೇಳಿದೆ, ಇದನ್ನು ವಾದ ಅಂತ ಹಿಡಿಯಬೇಡಿ. ಕಡುಕೆಂಪಿಗೆ "ದಾಸವಾಳ ಕೆಂಪು" ಇಟ್ಟುಕೊಂಡಿದ್ದೇನೆ, ಅದರಲ್ಲಿ ಗೊಂದಲ ಇಲ್ಲ.

ಹಾಗಾಗಿ ಕೇಳುವುದು ಇಷ್ಟು. ನಿಮ್ಮ ಕಡೆ ಹುರಮಂಜು ಅನ್ನುತ್ತಾರಾ, ಉರಮಂಜು ಅಂತಲಾ, ಅಥವಾ ಜಾಜು ಅಂತಲಾ? ಜಾಜು ಮತ್ತು ಹುರಮಂಜು ಒಂದೇ ಬಣ್ಣಾನಾ ಅಥವಾ ಒಂದು ತಿಳಿ ಒಂದು ಗಾಢವಾ? ಹತ್ತು ವರ್ಷದ ಮಗುವಿಗೆ ಈ ಮಾತು ಗೊತ್ತಾ, ದಯವಿಟ್ಟು ಮನೆಯಲ್ಲಿ ಕೇಳಿ ನೋಡಿ.

ಹಾಗೇ ಇನ್ನೊಂದು. ಒಂದು ಕಂಪನಿ ಯಾವ ಭಾಗಕ್ಕೆ ಯಾವ ಬಣ್ಣ, ಎಲ್ಲಿ ಪಟ್ಟೆ, ಎಲ್ಲಿ ಅಕ್ಷರ ಅಂತ ಕಟ್ಟುಮಾಡುತ್ತದಲ್ಲ, ಆ ಒಟ್ಟು ಏರ್ಪಾಡಿಗೆ ಏನನ್ನಬೇಕು? "ಬಣ್ಣದ ಯೋಜನೆ" ಅಂದರೆ ವಿಧಾನಸೌಧದಿಂದ ಬಂದಂತಿದೆ. "ಬಣ್ಣದ ವೇಷ" ಚೆನ್ನಾಗಿತ್ತು, ಆದರೆ ಯಕ್ಷಗಾನದಲ್ಲಿ ಬಣ್ಣದ ವೇಷ ಅಂದರೆ ರಾಕ್ಷಸ, ಕುಂದಾಪುರದವರು ಒಬ್ಬರು ಬರುತ್ತಿದ್ದಾರೆ, ಬಿಡುವುದಿಲ್ಲ. ಸದ್ಯಕ್ಕೆ "ಬಣ್ಣಗಟ್ಟು" ಅಂತ ಬರೆದಿಟ್ಟಿದ್ದೇನೆ, ಅದೂ ನನಗೆ ಪೂರ್ತಿ ಹಿಡಿಸಿಲ್ಲ.

ಫೈರ್ ಇಂಜಿನ್ ಕೆಂಪನ್ನು ಕೆರೆದು ತೆಗೆದಾಗಿದೆ. ಡಬ್ಬಿ ಈಗ ಬೂದು ಪ್ರೈಮರಿನಲ್ಲಿ ಮೇಜಿನ ಮೇಲೆ ನಿಂತಿದೆ, ಪಕ್ಕದಲ್ಲಿ ಖಾಲಿ ಚೀಟಿ. ಬಂದುಹೋಗುವಾಗೆಲ್ಲ ಅಪ್ಪ "ನಿಮ್ಮ ಪಂಡಿತರು ಏನಂದರು" ಅಂತ ಕೇಳುತ್ತಿದ್ದಾರೆ. ಶನಿವಾರದೊಳಗೆ ಬರೆದರೆ ಉಪಕಾರ.