ಓದುಗರ ಸ್ಪಂದನ: ‘ತಂಡದ ಜೊತೆ ಬೆರೆಯುವುದಿಲ್ಲ’

ಕಳೆದ ಸಂಚಿಕೆಯಲ್ಲಿ 34 ವರ್ಷದ ಓದುಗರೊಬ್ಬರು ತಮ್ಮ ಕಷ್ಟ ಬರೆದುಕೊಂಡಿದ್ದರು. ತಮಗೆ ಆಟಿಸಂ (ಜನರೊಡನೆ ಬೆರೆಯುವ, ಸದ್ದು-ಬೆಳಕನ್ನು ಗ್ರಹಿಸುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವುದು) ಇದೆ ಎಂದು ಆಫೀಸಿನಲ್ಲಿ ಹೇಳಿದ ಮೇಲೆ ಅವರನ್ನು ಮೀಟಿಂಗ್‌ಗೆ ಕರೆಯುವುದು ನಿಂತಿತು. ಗದ್ದಲ ತಡೆಯಲು ಹೆಡ್‌ಫೋನ್ ಹಾಕಿಕೊಳ್ಳಲೇ ಎಂದರೆ, ‘ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳ್ತಾರೆ’ ಎಂದರು. ಕೆಲಸದಲ್ಲಿ ತಪ್ಪು ತೋರಿಸಲಿಲ್ಲ. ಆದರೂ ‘ತಂಡದ ಜೊತೆ ಬೆರೆಯುವುದಿಲ್ಲ’ ಎಂದು ಬರೆದು ಬಡ್ತಿ ತಪ್ಪಿಸಿದರು. ‘ಕೆಲಸ ಬಿಡಲೋ, ಇರಲೋ?’ ಎಂಬುದು ಅವರ ಪ್ರಶ್ನೆ. ಪತ್ರಗಳು ತುಂಬ ಬಂದಿವೆ. ಇದು ಮೊದಲು ಬಂದದ್ದು.

*

ಕಷ್ಟ ಯಾರಿಗಿಲ್ಲ? ನನಗೂ ಗದ್ದಲ ಆಗಲ್ಲ. ಈಗ ಎಲ್ಲದಕ್ಕೂ ಒಂದು ಹೆಸರು ಸಿಕ್ಕಿದೆ, ಅಷ್ಟೇ. ನಾಲ್ಕು ಜನರ ಜೊತೆ ನಗುನಗುತ್ತಾ ಇರೋದು ಕಲಿಯಿರಿ.
– ನಿವೃತ್ತ ಉದ್ಯೋಗಿ

*

ಅದನ್ನು ಕಲಿಯಲು ಹೋಗಿ ಏನಾಯಿತು ಎಂದು ಇನ್ನೊಬ್ಬರು ಬರೆದಿದ್ದಾರೆ. ಪತ್ರ ಉದ್ದವಿದೆ. ಹೆಚ್ಚು ಕತ್ತರಿಸಲು ಮನಸ್ಸಾಗಲಿಲ್ಲ.

*

ನಿಮ್ಮ ಪತ್ರ ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನಗೀಗ 51. ಆಟಿಸಂ ಇದೆ ಎಂದು ಗೊತ್ತಾದದ್ದು 46ನೇ ವಯಸ್ಸಿನಲ್ಲಿ. ಅಷ್ಟು ಹೊತ್ತಿಗೆ ನಾನು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು.

ಒಂದು ಮೀಟಿಂಗ್‌ನಲ್ಲಿ ನಮ್ಮ ಮೇಲಧಿಕಾರಿ ‘ಯಾರಿಗಾದ್ರೂ ಏನಾದ್ರೂ ಸಮಸ್ಯೆ ಇದ್ರೆ ಮುಚ್ಚುಮರೆ ಇಲ್ದೆ ಹೇಳಿ’ ಎಂದರು. ನಾನು ಹನ್ನೊಂದು ಹೇಳಿದೆ. ಹನ್ನೊಂದೂ ನಿಜ. ಆಮೇಲೆ ಯಾರೂ ಮಾತಾಡಲಿಲ್ಲ. ಆ ಮಾತಿಗೆ ‘ಸುಮ್ನೆ ಕೂತಿರಿ’ ಎಂದು ಅರ್ಥವಂತೆ. ಉಳಿದ ಇಪ್ಪತ್ತು ಜನಕ್ಕೂ ಅದು ಗೊತ್ತಿತ್ತು! ಇನ್ನೊಮ್ಮೆ ‘ಬಿಡುವಾದಾಗ ಬಂದು ಕಾಣಿ’ ಎಂದರು. ನನಗೆ ಬಿಡುವೇ ಆಗಲಿಲ್ಲ, ಹೋಗಲಿಲ್ಲ. ಅದು ಅಹಂಕಾರವಾಯಿತು.

ಆಮೇಲೆ ನಾಟಕ ಕಲಿತೆ. ಯಾವ ಮಾತಿಗೆ ಎಷ್ಟು ನಗಬೇಕು, ಎಷ್ಟು ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಎಲ್ಲವನ್ನೂ ಬಾತ್‌ರೂಮಿನ ಕನ್ನಡಿ ಮುಂದೆ ಅಭ್ಯಾಸ ಮಾಡುತ್ತಿದ್ದೆ. ತಲೆ ಮೇಲಿನ ಟ್ಯೂಬ್‌ಲೈಟ್ ಮಿನುಗುತ್ತಿತ್ತು, ಗುಂಯ್ ಎನ್ನುತ್ತಿತ್ತು. ಬೇರೆಯವರಿಗೆ ಅದು ಕೇಳುತ್ತಲೇ ಇರಲಿಲ್ಲ. ಮನೆಗೆ ಬಂದು ಕತ್ತಲೆ ಕೋಣೆಯಲ್ಲಿ ಎರಡು ಗಂಟೆ ಮಲಗುತ್ತಿದ್ದೆ. ಹೆಂಡತಿ ಅದನ್ನು ಸಿಟ್ಟು ಎಂದುಕೊಂಡಳು.

ಕೊನೆಗೆ ಒಂದು ದಿನ ಕೈಯಾಡಲಿಲ್ಲ. ರಾಜೀನಾಮೆ ಕೊಟ್ಟೆ. ಕಾರಣದ ಜಾಗದಲ್ಲಿ ‘ವೈಯಕ್ತಿಕ’ ಎಂದು ಬರೆದೆ. ಜೀವನದಲ್ಲಿ ನಾನು ಬರೆದ ದೊಡ್ಡ ಸುಳ್ಳು ಅದು. ಬಿಡಿ ಅಂತಲೂ ಹೇಳಲಾರೆ, ಇರಿ ಅಂತಲೂ ಹೇಳಲಾರೆ. ಬಿಟ್ಟರೆ ಆ ಜಾಗದಲ್ಲಿ ನಿಜ ಬರೆಯಿರಿ.
– ತಡವಾಗಿ ತಿಳಿದವನು

*

ಆಟಿಸಂ ಇರುವವರಿಗೆ ಲೆಕ್ಕ, ಕಂಪ್ಯೂಟರ್ ಚೆನ್ನಾಗಿ ಬರುತ್ತಲ್ವಾ? ಅಂಥ ಕೆಲಸ ಹುಡುಕಿಕೊಳ್ಳಬಹುದಲ್ಲ.
– ಹಿತೈಷಿ

*

ಪತ್ರ ಬರೆದವರು ತಮಗೆ ಲೆಕ್ಕ ಬರುವುದಿಲ್ಲ ಎಂದೇ ಹೇಳಿದ್ದರು. ಮುಂದಿನ ಪತ್ರ ನೇಮಕಾತಿ ವಿಭಾಗದಲ್ಲಿ ದುಡಿದವರದು.

*

‘ಬೆರೆಯುವುದಿಲ್ಲ’ ಎಂಬುದಕ್ಕೆ ಅಳತೆ ಏನು ಎಂದು ಲಿಖಿತವಾಗಿ ಕೇಳಿ. ಉತ್ತರ ಇರುವುದಿಲ್ಲ. ನನಗೆ ಗೊತ್ತು, ನಾನೂ ಹಾಗೆ ಬರೆದವಳೇ. ಸಂದರ್ಶನದಲ್ಲಿ ಕಣ್ಣು ತಪ್ಪಿಸಿದರೆ ಅಂಕ ಕಳೆಯುತ್ತಿದ್ದೆವು. ಕೆಲಸ ಮಾತ್ರ ಕಡತ ನೋಡುವುದು!

ಬೇಕಾದದ್ದನ್ನೂ ಬರೆದೇ ಕೇಳಿ: ಹೆಡ್‌ಫೋನ್, ಮೂಲೆಯ ಮೇಜು, ಸೂಚನೆಗಳು ಬಾಯಿಮಾತಲ್ಲಿ ಅಲ್ಲದೆ ಇಮೇಲ್‌ನಲ್ಲಿ. ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ನೋಡಿ. ವಿಪರೀತ ಹೊರೆಯಾಗದ ಇಂಥ ಅನುಕೂಲವನ್ನು ಕೊಡದಿರುವುದೂ ತಾರತಮ್ಯ ಎಂದು ಅದರ 2ನೇ ವಿಧಿ ಹೇಳುತ್ತದೆ. ಉದ್ಯೋಗದ ವಿಷಯ 27ನೇ ವಿಧಿಯಲ್ಲಿದೆ. ಹೆಡ್‌ಫೋನ್ ಯಾವ ಸಂಸ್ಥೆಗೆ ಹೊರೆ?
– ಮಾಜಿ ಎಚ್‌ಆರ್

*

ಬೆರೆಯುವ ಹೊಣೆ ಒಬ್ಬರದೇ ಏಕೆ? ಡೇಮಿಯನ್ ಮಿಲ್ಟನ್ ಎಂಬ ಸಂಶೋಧಕರು 2012ರಲ್ಲೇ ಬರೆದರು: ಆಟಿಸಂ ಇರುವವರಿಗೆ ಇಲ್ಲದವರು ಅರ್ಥವಾಗುವುದಿಲ್ಲ, ಇಲ್ಲದವರಿಗೂ ಇರುವವರು ಅರ್ಥವಾಗುವುದಿಲ್ಲ. ತೊಡಕು ಎರಡೂ ಕಡೆಯದು. ಮಿಲ್ಟನ್ ಅವರಿಗೂ ಆಟಿಸಂ ಇದೆ.
– ಮನಶ್ಶಾಸ್ತ್ರದ ವಿದ್ಯಾರ್ಥಿನಿ

*

ನನ್ನ ಮಗನಿಗೆ ಒಂಬತ್ತು. ಅವನಿಗೂ ಆಟಿಸಂ. ನಿಮ್ಮ ಕೆಲಸದ ಬಗ್ಗೆ ಹೇಳಲು ನನಗೆ ಏನೂ ತಿಳಿಯದು. ‘ಮಾತಾಡುವಾಗ ಮುಖ ನೋಡು’ ಎಂದು ದಿನಕ್ಕೆ ಎಷ್ಟು ಸಲ ಗದರುತ್ತಿದ್ದೆನೋ. ನಿಮ್ಮ ಪತ್ರ ಓದಿದ ಮೇಲೆ ನಿಲ್ಲಿಸಿದ್ದೇನೆ. ಮೊನ್ನೆ ಗೋಡೆ ನೋಡಿಕೊಂಡೇ ಅರ್ಧ ಗಂಟೆ ಮಾತಾಡಿದ.
– ಒಬ್ಬ ತಾಯಿ

*

ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಡ, ಬೆವರುತ್ತದೆ. ಕಿವಿಯೊಳಗೆ ಇಡುವ ಪ್ಲಗ್ ಸಾಕು. ಯಾರಿಗೂ ಕಾಣಲ್ಲ, ಯಾರನ್ನೂ ಕೇಳಬೇಕಾಗಿಲ್ಲ.
– ಅನುಭವಿ

*

ಕೇಳಬೇಕಾಗಿಲ್ಲ ಎಂಬುದನ್ನು ಪತ್ರ ಬರೆದವರು ಒಪ್ಪಲಾರರು ಎನಿಸುತ್ತದೆ. ಮೂಲೆಯ ಮೇಜಿಗೂ ಸೇರಿಸಿ ಲಿಖಿತ ಮನವಿ ಕೊಟ್ಟಿದ್ದೇನೆ ಎಂದು ಮೊನ್ನೆಯಷ್ಟೇ ತಿಳಿಸಿದ್ದಾರೆ. ಎಲ್ಲ ಪತ್ರಗಳನ್ನೂ ಅವರಿಗೆ ಕಳಿಸಿದ್ದೇವೆ. ಮೊದಲನೆಯದನ್ನೂ ಕೂಡ, ಅವರೇ ಕೇಳಿದ್ದರಿಂದ.