ಹಳೇ ಲೈವ್ ರಾಕ್ ತಗೋಬಹುದಾ?

ನೀಲಿನೀರು:
ಎಲ್ಲರಿಗೂ ನಮಸ್ಕಾರ. ಮೊದಲ ಸಲ ಉಪ್ಪುನೀರಿನ ಟ್ಯಾಂಕ್ ಮಾಡುತ್ತಿದ್ದೇನೆ, 200 ಲೀಟರಿನದು. ಒಬ್ಬರು ತಮ್ಮ ಹಳೇ ಟ್ಯಾಂಕ್ ಬಿಚ್ಚುತ್ತಿದ್ದಾರೆ, ಅದರಲ್ಲಿರುವ 20 ಕೆ.ಜಿ. ಲೈವ್ ರಾಕನ್ನು (ನೀರು ಶುದ್ಧವಾಗಿಡುವ ಬ್ಯಾಕ್ಟೀರಿಯಾ, ಸಣ್ಣ ಜೀವಿಗಳು ಇರುವ ಕಲ್ಲು) ಹೊಸದರ ಅರ್ಧ ರೇಟಿಗೆ ಕೊಡುತ್ತಾರಂತೆ. ಫೋಟೋದಲ್ಲಿ ಕಲ್ಲಿನ ತುಂಬ ನೇರಳೆ ಬಣ್ಣ ಹಬ್ಬಿದೆ, ಒಂದೆರಡು ಕಡೆ ಹಸಿರು ಪಾಚಿಯೂ ಇದೆ. ನೇರವಾಗಿ ಟ್ಯಾಂಕಿಗೆ ಇಳಿಸಿ ಮಾರನೇ ದಿನವೇ ಮೀನು ಬಿಡಬಹುದು ಅನ್ನುತ್ತಾರೆ. ನಂಬಬಹುದಾ? ನೋಡೋಕೆ ಹೋದಾಗ ಏನು ಕೇಳಬೇಕು?

ಹವಳದಂಡೆ:
ಕಲ್ಲು ತಗೊಳ್ಳಿ, ಮಾರನೇ ದಿನ ಮೀನು ಬಿಡುವ ಯೋಚನೆ ಮಾತ್ರ ಬೇಡ. ಮೊದಲು ಕೇಳಬೇಕಾದ್ದು ಇದು: ಆ ಟ್ಯಾಂಕಿಗೆ ಯಾವತ್ತಾದರೂ ಕಾಪರ್ ಔಷಧಿ ಹಾಕಿದ್ದಾರಾ? ಮೀನಿಗೆ ಬಿಳಿ ಚುಕ್ಕೆ ರೋಗ ಬಂದಾಗ ಕೆಲವರು ಮೀನನ್ನು ಬೇರೆ ಮಾಡದೆ, ಕಲ್ಲು ಇರುವ ಟ್ಯಾಂಕಿಗೇ ಅದನ್ನು ಹಾಕಿಬಿಡುತ್ತಾರೆ. ಕಲ್ಲು ಕಾಪರ್ ಹೀರಿಕೊಂಡು ಆಮೇಲೆ ನಿಧಾನಕ್ಕೆ ನೀರಿಗೆ ಬಿಡುತ್ತದೆ. ಮೀನು ತಡೆದುಕೊಳ್ಳಬಹುದು, ಆದರೆ ಸೀಗಡಿ, ಬಸವನಹುಳು, ಹವಳ ಉಳಿಯೋದು ಕಷ್ಟ. ಅವರ ಟ್ಯಾಂಕಿನಲ್ಲಿ ಸೀಗಡಿ ಈಗಲೂ ಆರಾಮಾಗಿ ಓಡಾಡುತ್ತಿದ್ದರೆ ಒಳ್ಳೇ ಲಕ್ಷಣ.

ನೇರಳೆ ಬಣ್ಣ ಕೋರಲೈನ್ ಪಾಚಿ, ಅದಕ್ಕೆ ಹೆದರಬೇಡಿ. ಹಸಿರು ಪಾಚಿ ಮೇಲೇ ನನಗೆ ಅನುಮಾನ ಜಾಸ್ತಿ. ವರ್ಷಗಟ್ಟಲೆ ಮೀನಿನ ತಿಂಡಿ ಬಿದ್ದ ಟ್ಯಾಂಕಿನ ಕಲ್ಲಿನೊಳಗೆ ಪಾಚಿಗೆ ಆಹಾರವಾಗುವ ಫಾಸ್ಫೇಟ್ ಕೂತಿರುತ್ತದೆ. ನೀರು ಟೆಸ್ಟ್ ಮಾಡಿ ಕಡಿಮೆ ಇದೆ ಅಂತ ಅವರು ತೋರಿಸಬಹುದು, ಆದರೆ ಪಾಚಿ ಹೀರಿಕೊಂಡಿದ್ದು ಟೆಸ್ಟಿನಲ್ಲಿ ಕಾಣೋದಿಲ್ಲ ಅಲ್ವಾ.

ಏಡಿಕಾಲು:
ಕಲ್ಲು ಇನ್ನೂ ನೀರೊಳಗೆ ಇದ್ದಾಗಲೇ ನೋಡಿ, ಹೊರಗೆ ತೆಗೆದ ಮೇಲೆ ಐಪ್ಟೇಸಿಯಾ (ಬೇಗ ಹಬ್ಬಿ ಹವಳವನ್ನು ಕುಟುಕುವ, ಹೂವಿನಂತೆ ಕಾಣುವ ಜೀವಿ) ಗೊತ್ತೇ ಆಗೋದಿಲ್ಲ. ನೀರಲ್ಲಿ ಅದು ತೆಳ್ಳಗೆ ಕಂದು ಬಣ್ಣದ ಕಾಂಡ, ಮೇಲೆ ಸುತ್ತಲೂ ಉದ್ದ ಎಳೆಗಳು. ಕಡ್ಡಿಯಿಂದ ಮುಟ್ಟಿದರೆ ಸರಕ್ಕನೆ ತೂತಿನೊಳಗೆ ಹೋಗುತ್ತದೆ. ಗಾಳಿಗೆ ಬಂದರೆ ಬರೀ ಲೋಳೆ ಥರ ಮುದುಡಿರುತ್ತದೆ. ಕಂಡರೆ ಕೆರೆದು ತೆಗೆಯೋಕೆ ಹೋಗಬೇಡಿ, ಉಳಿದ ಚೂರಿನಿಂದ ಮತ್ತೆ ಬೆಳೆಯುತ್ತದೆ. ಒಂದೆರಡು ಇದ್ದರೆ ಪೆಪ್ಪರ್‌ಮಿಂಟ್ ಸೀಗಡಿ ತಿನ್ನಬಹುದು. ಕಲ್ಲಿನ ತುಂಬ ಇದ್ದರೆ ಬಿಟ್ಟುಬಿಡಿ, ಎಷ್ಟೇ ಅಗ್ಗ ಆಗಿದ್ದರೂ.

ನೀಲಿನೀರು:
ಇಬ್ಬರಿಗೂ ಥ್ಯಾಂಕ್ಸ್. ಹಾಗಾದರೆ ಕಲ್ಲನ್ನೆಲ್ಲಾ ಕುದಿಸಿಬಿಟ್ಟರೆ ಇದೆಲ್ಲಾ ಸಾಯೋದಿಲ್ವಾ?

ಹವಳದಂಡೆ:
ದಯವಿಟ್ಟು ಕುದಿಸಬೇಡಿ!! ಕಲ್ಲಿನ ಮೇಲೆ ಜೋವಾಂಥಿಡ್ ಅಥವಾ ಪಾಲಿಥೋವಾ ಅನ್ನೋ ಹವಳದಂಥ ಜೀವಿಗಳು ಇದ್ದರೆ ಪಾಲಿಟಾಕ್ಸಿನ್ ಅನ್ನೋ ವಿಷ ಹಬೆ ಜೊತೆ ಏಳಬಹುದು. ಕಲ್ಲು ಕುದಿಸಿ ಇಡೀ ಮನೆಯವರು ಆಸ್ಪತ್ರೆ ಸೇರಿದ ಘಟನೆಗಳು ನಿಜವಾಗಿ ನಡೆದಿವೆ. ಬಿಸಿನೀರು ಹಾಕಿ ಉಜ್ಜೋದೂ ಬೇಡ. ಕಲ್ಲು ಮುಟ್ಟುವಾಗ ಗ್ಲೌಸ್ ಹಾಕಿಕೊಳ್ಳಿ, ಕಣ್ಣಿಗೆ ಕನ್ನಡಕ ಇರಲಿ. ಅಲ್ಲದೆ ಕುದಿಸಿದರೆ ನೀವು ದುಡ್ಡು ಕೊಟ್ಟು ತಂದ ಬ್ಯಾಕ್ಟೀರಿಯಾನೂ ಸಾಯುತ್ತದೆ, ಆಮೇಲೆ ಅದು ಸುಮ್ನೆ ಒಂದು ಕಲ್ಲು ಅಷ್ಟೇ.

ಒಂದು ದೊಡ್ಡ ಪ್ಲಾಸ್ಟಿಕ್ ಟಬ್ ತಗೊಂಡು ಉಪ್ಪುನೀರು ತುಂಬಿ, ಸಾಂದ್ರತೆ 1.025, ಬಿಸಿ 25–26 ಡಿಗ್ರಿ, ಒಳಗೊಂದು ಪಂಪು, ಲೈಟ್ ಬೇಡ, ಮುಚ್ಚಿಡಿ. ದಾರಿಯಲ್ಲಿ ಕಲ್ಲಿನ ಮೇಲಿನ ಎಷ್ಟೋ ಜೀವಿಗಳು ಸತ್ತು ಮೊದಲು ಮೀನಿಗೆ ವಿಷವಾದ ಅಮೋನಿಯಾ ಏರಬಹುದು, ಗಾಬರಿ ಆಗಬೇಡಿ, ನೀರು ಬದಲಿಸುತ್ತಾ ಇರಿ. ಅಮೋನಿಯಾ, ಅದರಿಂದ ಆಗುವ ನೈಟ್ರೈಟ್ ಎರಡೂ ಸೊನ್ನೆಗೆ ಬಂದು ಒಂದು ವಾರ ಹಾಗೇ ನಿಂತರೆ ಟ್ಯಾಂಕಿಗೆ ಹಾಕಬಹುದು. ಕತ್ತಲೆಯಲ್ಲಿ ಪಾಚಿಯೂ ಸೊರಗುತ್ತದೆ. ಟಬ್ಬಿನ ನೀರಲ್ಲಿ ಫಾಸ್ಫೇಟ್ ಟೆಸ್ಟ್ ಮಾಡಿ, ನೀರು ಬದಲಿಸಿದ ಮೇಲೂ ಮತ್ತೆ ಮತ್ತೆ ಏರುತ್ತಿದ್ದರೆ ಅದು ಕಲ್ಲಿನಿಂದಲೇ ಬರುತ್ತಿದೆ ಅಂತ ಅರ್ಥ.

ಏಡಿಕಾಲು:
ಒಂದು ಸೇರಿಸುತ್ತೇನೆ. ಮುಚ್ಚಳ ಇರುವ ಬಕೆಟ್ ತಗೊಂಡು ಹೋಗಿ, ಅವರ ಟ್ಯಾಂಕಿನ ನೀರಲ್ಲೇ ಕಲ್ಲು ಮುಳುಗಿಸಿ ತನ್ನಿ. ಎತ್ತುವಾಗ ಮೂಸಿ ನೋಡಿ: ಸಮುದ್ರದ ವಾಸನೆ ಇರಬೇಕು, ಕೊಳೆತ ಮೊಟ್ಟೆ ವಾಸನೆ ಬಂದರೆ ಆ ಕಲ್ಲು ಬೇಡ. ಮರಳು ಫ್ರೀ ಕೊಟ್ಟರೂ ತಗೋಬೇಡಿ, ಹಳೇ ಮರಳಿನ ತಳದಲ್ಲಿ ಕೂತ ಕೊಳೆ ಕದಡಿದರೆ ಹೊಸ ಟ್ಯಾಂಕ್ ತಡೆಯೋದಿಲ್ಲ.